ಮೊದಲು ಟೇಬಲ್, ಆಮೇಲೆ ಸಾರಾಂಶ: ನಾನು ಪೇಪರ್ ರಿವ್ಯೂ ಮಾಡುವ ಬಗೆ

ಜರ್ನಲ್‌ಗೆ ಬಂದ ಸಂಶೋಧನಾ ಪೇಪರನ್ನು ಪ್ರಕಟಿಸುವ ಮುಂಚೆ ಅದೇ ಕ್ಷೇತ್ರದ ಇನ್ನೊಬ್ಬರು ಪರಿಶೀಲಿಸುವುದೇ ರಿವ್ಯೂ. ರಿವ್ಯೂ ಮಾಡಿಕೊಡಿ ಎಂದು ಸಂಪಾದಕರು ಕಳಿಸುವ ಇಮೇಲ್‌ನಲ್ಲಿ ಸಾಮಾನ್ಯವಾಗಿ ಶೀರ್ಷಿಕೆ ಮತ್ತು ಸಾರಾಂಶ ಇರುತ್ತವೆ, ಕೆಲವು ಜರ್ನಲ್‌ಗಳಲ್ಲಿ ಲೇಖಕರ ಹೆಸರೂ ಇರುತ್ತದೆ. ಒಪ್ಪುತ್ತೇನೋ ಇಲ್ಲವೋ ಅನ್ನುವುದನ್ನು ಎರಡು ದಿನದೊಳಗೆ ತಿಳಿಸುತ್ತೇನೆ. ಉತ್ತರವೇ ಕೊಡದಿದ್ದರೆ ಸಂಪಾದಕರಿಗೆ ಇನ್ನೊಬ್ಬರನ್ನು ಹುಡುಕಲೂ ಆಗುವುದಿಲ್ಲ, ಕಾಯಲೂ ಆಗುವುದಿಲ್ಲ. ಆ ಕಡೆ ಯಾರದೋ ಪಿಎಚ್.ಡಿ. ಸಲ್ಲಿಕೆ ನಿಂತಿರುತ್ತದೆ.

ಲೇಖಕರಲ್ಲಿ ಯಾರ ಜೊತೆಗಾದರೂ ಕಳೆದ ಮೂರು ವರ್ಷದಲ್ಲಿ ಪೇಪರ್ ಬರೆದಿದ್ದರೆ, ಅಥವಾ ಅವರು ನನ್ನ ಸಂಸ್ಥೆಯವರೇ ಆಗಿದ್ದರೆ, ಬಿಡುತ್ತೇನೆ. ಇದು ಎಲ್ಲರಿಗೂ ಗೊತ್ತಿರುವ ಹಿತಾಸಕ್ತಿ ಸಂಘರ್ಷ. ಬಹಳ ಜನ ಮರೆಯುವುದು ಇನ್ನೊಂದನ್ನು: ಅದೇ ಪ್ರಶ್ನೆಯ ಮೇಲೆ ನನ್ನ ಪೇಪರೂ ತಯಾರಾಗುತ್ತಿದ್ದರೆ ಬಂದ ಹಸ್ತಪ್ರತಿಯನ್ನು ತೆರೆಯುವುದೇ ತಪ್ಪು. ತೆರೆದು ನೋಡಿ ಆಮೇಲೆ ಬೇಡ ಅಂದರೂ ಓದಿದ್ದು ತಲೆಯಿಂದ ಹೋಗುವುದಿಲ್ಲ. ಅನುಮಾನವಿದ್ದರೆ ಸಂಪಾದಕರಿಗೆ ಎರಡು ಸಾಲು ಬರೆದು ಕೇಳುತ್ತೇನೆ.

ಒಪ್ಪಿಕೊಂಡ ಮೇಲೆ ಹಸ್ತಪ್ರತಿ ನನ್ನ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ವಿದ್ಯಾರ್ಥಿಯೊಬ್ಬರಿಂದ ರಿವ್ಯೂ ಮಾಡಿಸಿ ಕಲಿಸಬೇಕೆಂದಿದ್ದರೆ ಮುಂಚೆಯೇ ಸಂಪಾದಕರ ಅನುಮತಿ ಕೇಳಿ, ವರದಿಯಲ್ಲಿ ಅವರ ಹೆಸರನ್ನೂ ಹೇಳುತ್ತೇನೆ. ಚಾಟ್‌ಬಾಟ್‌ಗೆ ಹಾಕಿ ವರದಿ ಬರೆಸುವುದಂತೂ ಇಲ್ಲವೇ ಇಲ್ಲ. ಪ್ರಕಟವಾಗದ ಇನ್ನೊಬ್ಬರ ಬರಹವನ್ನು ಮೂರನೆಯವರ ಸರ್ವರ್‌ಗೆ ಕೊಟ್ಟ ಹಾಗೆ ಅದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್ ತನ್ನ ಅನುದಾನ ಅರ್ಜಿಗಳ ರಿವ್ಯೂವರ್‌ಗಳಿಗೆ 2023ರ ಜೂನ್‌ನಲ್ಲೇ ಇದನ್ನು ನಿಷೇಧಿಸಿತು.

ಒಂದು ಪೇಪರಿಗೆ ಆರು ಗಂಟೆ ಇಟ್ಟುಕೊಳ್ಳುತ್ತೇನೆ, ಎರಡು ಸಲ ಕೂತು. ಇಮೇಲ್‌ನಲ್ಲಿ ಕಣ್ಣು ಹಾಯಿಸಿದ್ದು ಬಿಟ್ಟರೆ, ಮೊದಲ ಸಲ ಸಾರಾಂಶವನ್ನೂ ಚರ್ಚೆಯ ಭಾಗವನ್ನೂ ಮುಟ್ಟುವುದಿಲ್ಲ. ವಿಧಾನ ಓದಿ, ಟೇಬಲ್ ನೋಡಿ, ಇದರಿಂದ ಏನು ಹೇಳಬಹುದು ಎಂದು ನಾನೇ ಎರಡು ಸಾಲು ಬರೆದಿಟ್ಟು, ಆಮೇಲೆ ಸಾರಾಂಶಕ್ಕೆ ಬರುತ್ತೇನೆ. ಲೇಖಕರ ಮಾತು ಮೊದಲೇ ಕಿವಿಗೆ ಬಿದ್ದರೆ ಟೇಬಲ್ ಕೂಡ ಅದನ್ನೇ ಹೇಳುವಂತೆ ಕಾಣುತ್ತದೆ.

ಟೇಬಲ್ ಓದಲು ಬೇಕಾಗುವುದು ಒಂದು ಸಾದಾ ಕ್ಯಾಲ್ಕುಲೇಟರ್. ಮೊದಲು ಶೇಕಡಾವಾರು. 35 ಜನರ ಗುಂಪಿನಲ್ಲಿ 62.5% ಗುಣವಾದರು ಎಂದಿದೆ ಅನ್ನಿ. 35ರಲ್ಲಿ 21 ಜನ ಅಂದರೆ 60%, 22 ಜನ ಅಂದರೆ 62.9%. ನಡುವೆ ಮನುಷ್ಯರಿಲ್ಲ. ಆದರೆ 40ರಲ್ಲಿ 25 ಅಂದರೆ ಸರಿಯಾಗಿ 62.5%. ಅಲ್ಲಿಗೆ ವಿಷಯ ಊಹಿಸಬಹುದು: ಶುರುವಿನಲ್ಲಿ 40 ಜನ ಇದ್ದರು, ಐವರು ನಡುವೆ ಬಿಟ್ಟುಹೋದರು, ಟೇಬಲ್‌ನ ತಲೆಬರಹ ಬದಲಾಯಿತು, ಒಳಗಿನ ಲೆಕ್ಕ ಬದಲಾಗಲಿಲ್ಲ. ಇಂಥ ಕಡೆ ಮೋಸಕ್ಕಿಂತ ಅವಸರವೇ ಹೆಚ್ಚು. ಹಾಗಾಗಿ ವರದಿಯಲ್ಲಿ ‘ಛೇದ ಯಾವುದು, ಐವರು ಎಲ್ಲಿ ಹೋದರು, ಯಾಕೆ ಹೋದರು’ ಎಂದಷ್ಟೇ ಕೇಳುತ್ತೇನೆ.

ಆಮೇಲೆ ಸರಾಸರಿ. ಸಂಶೋಧಕರಾದ ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ ‘ಗ್ರಿಮ್’ ಎಂದು ಹೆಸರಿಟ್ಟ ಪರೀಕ್ಷೆ ಐದನೇ ತರಗತಿಯ ಗಣಿತ. 28 ಜನ 1ರಿಂದ 5ರವರೆಗಿನ ಅಂಕ ಕೊಟ್ಟಿದ್ದಾರೆ, ಸರಾಸರಿ 3.47 ಎಂದಿದೆ. ಅಂಕಗಳೆಲ್ಲ ಪೂರ್ಣ ಸಂಖ್ಯೆ, ಅಂದಮೇಲೆ ಮೊತ್ತವೂ ಪೂರ್ಣ ಸಂಖ್ಯೆಯೇ. ಮೊತ್ತ 97 ಇದ್ದರೆ ಸರಾಸರಿ 3.46, 98 ಇದ್ದರೆ 3.50. ಹಾಗಾಗಿ 3.47 ಬರಲು ದಾರಿಯೇ ಇಲ್ಲ. ಇದನ್ನು ಬಳಸುವಾಗ ಎಚ್ಚರ ಬೇಕು. ಎರಡು ದಶಾಂಶ ಕೊಟ್ಟಿರುವಾಗ ಜನ ನೂರಕ್ಕಿಂತ ಕಡಿಮೆ ಇದ್ದರೆ ಮಾತ್ರ ಪರೀಕ್ಷೆ ಕೆಲಸ ಮಾಡುತ್ತದೆ. ಅಂಕವು ನಾಲ್ಕು ಪ್ರಶ್ನೆಗಳ ಸರಾಸರಿಯಾಗಿದ್ದರೆ 28 ಜನರ ಲೆಕ್ಕ 112 ಆಗುತ್ತದೆ, ಆಗ 3.47 ಸಾಧ್ಯ. ವಿಧಾನದ ಭಾಗ ಓದದೆ ಗ್ರಿಮ್ ಹಾಕಿ ಆರೋಪ ಹೊರಿಸಿದರೆ ತಲೆ ತಗ್ಗಿಸಬೇಕಾದವರು ರಿವ್ಯೂವರ್.

ಅದೇ ಅಳತೆಗೆ ಪ್ರಮಾಣಿತ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದು), ಅಂದರೆ ಎಸ್‌ಡಿ, 2.3 ಎಂದಿದ್ದರೂ ತಪ್ಪೇ. 1ರಿಂದ 5ರ ಅಳತೆಯಲ್ಲಿ, ಆ ಸರಾಸರಿಗೆ, ಎಲ್ಲರನ್ನೂ ಈ ತುದಿಗೆ ಇಲ್ಲವೇ ಆ ತುದಿಗೆ ಹಂಚಿದರೂ ಅದು 2 ದಾಟುವುದಿಲ್ಲ. ಹೆಚ್ಚು ಸಲ ಸಿಗುವುದು ಇದಕ್ಕೆ ತಿರುವುಮುರುವಾದ ತಪ್ಪು: 50 ರೋಗಿಗಳು ಆಸ್ಪತ್ರೆಯಲ್ಲಿದ್ದ ದಿನಗಳ ಸರಾಸರಿ 4.2, ಎಸ್‌ಡಿ 0.15. ಐವತ್ತು ಜನರೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಮನೆಗೆ ಹೋದಂತಾಯಿತು. ಇದು ಸ್ಟ್ಯಾಂಡರ್ಡ್ ಎರರ್, ಅಂದರೆ ಸರಾಸರಿಯೇ ಎಷ್ಟು ಅತ್ತಿತ್ತ ಆಗಬಹುದು ಎಂಬ ಅಂಕಿ, ಆಗಿರುತ್ತದೆ. 50ರ ವರ್ಗಮೂಲದಿಂದ ಗುಣಿಸಿದರೆ ನಿಜವಾದ ಎಸ್‌ಡಿ 1.06 ಸಿಗುತ್ತದೆ. ಸಣ್ಣ ತಪ್ಪು ಅನ್ನಿಸಬಹುದು. ಆದರೆ ನಾಳೆ ಯಾರೋ ಹತ್ತು ಪೇಪರ್‌ಗಳನ್ನು ಸೇರಿಸಿ ಮೆಟಾ-ವಿಶ್ಲೇಷಣೆ ಮಾಡಿದಾಗ, ಎಸ್‌ಡಿ ಕಡಿಮೆ ಇದ್ದಷ್ಟೂ ತೂಕ ಹೆಚ್ಚು ಸಿಗುವುದರಿಂದ, ಈ ಒಂದು ಪೇಪರ್ ಉಳಿದ ಒಂಬತ್ತನ್ನು ನುಂಗಿಹಾಕುತ್ತದೆ.

ಪಿ ಬೆಲೆ ಅಂದರೆ ನಿಜವಾದ ವ್ಯತ್ಯಾಸ ಇಲ್ಲದಿದ್ದಾಗಲೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ; ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆ ಇದ್ದರೆ ‘ಗಮನಾರ್ಹ’ ಅನ್ನುತ್ತಾರೆ. ‘ಪಿ = 0.000’ ಎಂದಿದ್ದರೆ ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರ ಸಾಫ್ಟ್‌ವೇರ್‌ನ ಪರದೆಯಿಂದ ಹಾಗೇ ನಕಲಾಗಿದೆ ಎಂದರ್ಥ, 0.001ಕ್ಕಿಂತ ಕಡಿಮೆ ಎಂದು ಬರೆಯಿರಿ ಅನ್ನುತ್ತೇನೆ. 26 ಡಿ.ಎಫ್.ಗೆ (ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿಗಳ ಎಣಿಕೆ) ಟಿ ಬೆಲೆ (ಎರಡು ಸರಾಸರಿಗಳ ಅಂತರವನ್ನು ಅದರ ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿದ್ದು) 1.90 ಕೊಟ್ಟು ಪಿ 0.05ಕ್ಕಿಂತ ಕಡಿಮೆ ಎಂದಿದ್ದರೆ ಅಲ್ಲಿ ನಿಲ್ಲುತ್ತೇನೆ. ಎರಡೂ ಬದಿಯ ಪರೀಕ್ಷೆಗೆ 2.056 ದಾಟಬೇಕಿತ್ತು. ಅಂದರೆ ಒಂದೋ ಒಂದೇ ಬದಿಯ ಪರೀಕ್ಷೆ ಮಾಡಿ ಹೇಳದೆ ಬಿಟ್ಟಿದ್ದಾರೆ, ಇಲ್ಲವೇ ಅಂಕಿ ತಪ್ಪಿದೆ.

ಕೃಷಿ ಪ್ರಯೋಗಗಳಲ್ಲಿ ನಾನು ಹುಡುಕುವುದು ಎರರ್ ಡಿ.ಎಫ್., ಅಂದರೆ ಆಕಸ್ಮಿಕ ವ್ಯತ್ಯಾಸವನ್ನು ಅಳೆಯಲು ಉಳಿಯುವ ಡಿ.ಎಫ್. ರಾಗಿಗೆ ಐದು ಗೊಬ್ಬರದ ಉಪಚಾರ, ಮೂರು ಪುನರಾವರ್ತನೆ, ಒಟ್ಟು 15 ತಾಕು. ಹೊಲವನ್ನು ಬ್ಲಾಕ್‌ಗಳಾಗಿ ಭಾಗಿಸಿ, ಪ್ರತಿ ಬ್ಲಾಕಿನಲ್ಲೂ ಉಪಚಾರಗಳನ್ನು ಚೀಟಿ ಎತ್ತಿದಂತೆ ಹಂಚುವ ಯಾದೃಚ್ಛಿಕ ಬ್ಲಾಕ್ ವಿನ್ಯಾಸದಲ್ಲಿ ಎರರ್ ಡಿ.ಎಫ್. 8 ಬರಬೇಕು: ಒಟ್ಟು 14ರಲ್ಲಿ ಉಪಚಾರಕ್ಕೆ 4, ಬ್ಲಾಕಿಗೆ 2 ಹೋಗುತ್ತದೆ. ಟೇಬಲ್‌ನಲ್ಲಿ 143 ಎಂದಿದ್ದರೆ ಪ್ರತಿ ತಾಕಿನ ಹತ್ತು ಗಿಡಗಳನ್ನೂ ಬೇರೆಬೇರೆ ಪ್ರಯೋಗವೆಂದು ಎಣಿಸಿದ್ದಾರೆ. ಗೊಬ್ಬರ ಹಾಕಿದ್ದು ತಾಕಿಗೆ. ಅಲ್ಲಿನ ಹತ್ತು ಗಿಡ ಒಂದೇ ಮಣ್ಣು, ಒಂದೇ ನೀರು ಹಂಚಿಕೊಂಡಿವೆ. ಹತ್ತರ ಸರಾಸರಿಯೇ ಒಂದು ಅಂಕಿ. ಸರಿಪಡಿಸಿದರೆ ಅರ್ಧಕ್ಕರ್ಧ ‘ಗಮನಾರ್ಹ’ ವ್ಯತ್ಯಾಸಗಳು ಕರಗಿಹೋಗಬಹುದು, ಆದರೂ ಸರಿಪಡಿಸದೆ ಪೇಪರ್ ಮುಂದಕ್ಕೆ ಹೋಗಬಾರದು.

ಔಷಧ ಪ್ರಯೋಗವಾದರೆ, ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ತಾಣವಾದ ಸಿಟಿಆರ್‌ಐನಲ್ಲಿ ಅದರ ನೋಂದಣಿ ಸಂಖ್ಯೆ ಹಾಕಿ ತೆರೆದು ನೋಡುತ್ತೇನೆ. 2018ರ ಏಪ್ರಿಲ್ 1ರಿಂದ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆ ಸಲ್ಲಿಸಿದ ಪ್ರಯೋಗಗಳನ್ನು ಮಾತ್ರ ಅಲ್ಲಿ ನೋಂದಾಯಿಸುತ್ತಾರೆ. ಅಲ್ಲಿ ಬರೆದ ಮುಖ್ಯ ಫಲಿತಾಂಶವೂ ಪೇಪರಿನ ಮುಖ್ಯ ಫಲಿತಾಂಶವೂ ಒಂದೇ ಆಗಿರಬೇಕು. ನೋಂದಣಿಯಲ್ಲಿ ‘ಆರು ತಿಂಗಳ ನಂತರದ ನೋವಿನ ಅಂಕ’ ಎಂದಿದ್ದದ್ದು ಪೇಪರಿನಲ್ಲಿ ‘ಆರು ವಾರ’ ಆಗಿದ್ದರೆ, ಆರು ತಿಂಗಳ ಅಂಕಿ ಎಲ್ಲಿ ಎಂದು ಕೇಳುತ್ತೇನೆ.

ಚಿತ್ರಗಳ ವಿಷಯದಲ್ಲಿ, ಪೇಪರ್‌ಗಳಲ್ಲಿ ನಕಲಾದ ಚಿತ್ರಗಳನ್ನು ಪತ್ತೆಹಚ್ಚುವ ವಿಜ್ಞಾನಿ ಎಲಿಸಬೆತ್ ಬಿಕ್ ತಂಡದ ಕೆಲಸ ನೋಡಿದವರು ಸುಮ್ಮನೆ ಪುಟ ತಿರುಗಿಸಲಾರರು. 20,621 ಪೇಪರ್‌ಗಳನ್ನು ಕಣ್ಣಿನಿಂದಲೇ ನೋಡಿ 3.8%ರಲ್ಲಿ ಸಮಸ್ಯೆಯ ಚಿತ್ರಗಳಿವೆ ಎಂದು 2016ರಲ್ಲಿ ಅವರು ಪ್ರಕಟಿಸಿದರು. ನಾನು ಚಿತ್ರವನ್ನು ದೊಡ್ಡದು ಮಾಡಿ, ಕಾಂಟ್ರಾಸ್ಟ್ ಏರಿಸಿ, ಒಮ್ಮೆ ಕನ್ನಡಿಯಂತೆ ತಿರುಗಿಸಿ, ಒಮ್ಮೆ 180 ಡಿಗ್ರಿ ಹೊರಳಿಸಿ ನೋಡುತ್ತೇನೆ. ಪ್ರೋಟೀನ್ ಪರೀಕ್ಷೆಯ ಬ್ಲಾಟ್ ಚಿತ್ರಗಳಲ್ಲಿ ಕಾಣುವ ಕಪ್ಪು ಪಟ್ಟಿಗಳನ್ನಲ್ಲ, ಹಿನ್ನೆಲೆಯ ಚುಕ್ಕೆ ಕಲೆಗಳನ್ನು ನೋಡಬೇಕು. ಎರಡು ಪಟ್ಟಿ ಒಂದೇ ಥರ ಇರಬಹುದು, ಎರಡು ಕಡೆಯ ಧೂಳು ಒಂದೇ ಥರ ಇರುವುದಿಲ್ಲ.

ಉಲ್ಲೇಖಗಳಲ್ಲಿ ಐದನ್ನು ಆರಿಸಿ ಡಿಒಐ, ಅಂದರೆ ಪೇಪರಿನ ಶಾಶ್ವತ ಆನ್‌ಲೈನ್ ಗುರುತು, ತೆರೆಯುತ್ತೇನೆ. ಡಿಒಐ ಬೇರೆಯೇ ಪೇಪರಿಗೆ ಕರೆದೊಯ್ದರೆ ಅದು ಯಂತ್ರ ಹೆಣೆದ ಉಲ್ಲೇಖವಾಗಿರುವ ಸಂಭವ ಹೆಚ್ಚು. ಆಗ ಐದರ ಬದಲು ಎಲ್ಲವನ್ನೂ ನೋಡುತ್ತೇನೆ. ಜರ್ನಲ್ ಹಿಂಪಡೆದ ಪೇಪರ್ ಪಟ್ಟಿಯಲ್ಲಿದೆಯೇ ಎಂದು ತಿಳಿಯಲು ಉಲ್ಲೇಖಗಳನ್ನು ಜೋಡಿಸಿಡುವ ಸಾಫ್ಟ್‌ವೇರ್ ಝೊಟೆರೊಗೆ ಹಾಕಿದರೆ ಸಾಕು, ಹಿಂಪಡೆದ ಪೇಪರ್‌ಗಳ ಲೆಕ್ಕ ಇಡುವ ರಿಟ್ರಾಕ್ಷನ್ ವಾಚ್‌ನ ದತ್ತಾಂಶ ನೋಡಿ ಅದೇ ಕೆಂಪು ಗುರುತು ತೋರಿಸುತ್ತದೆ. ಭಾಷೆಯಲ್ಲೂ ಸುಳಿವಿರುತ್ತದೆ. ‘ಬ್ರೆಸ್ಟ್ ಕ್ಯಾನ್ಸರ್’ ಇರಬೇಕಾದಲ್ಲಿ ‘ಬಾಸಮ್ ಪೆರಿಲ್’, ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಬದಲು ‘ಕೌಂಟರ್‌ಫೀಟ್ ಕಾನ್ಶಿಯಸ್‌ನೆಸ್’ ಕಂಡರೆ, ಕದ್ದ ಪಠ್ಯವನ್ನು ಪದ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ತೊಳೆದಿದ್ದಾರೆ. ಸಂಶೋಧಕ ಗಿಯೋಮ್ ಕಬನಾಕ್ ಮತ್ತು ಜೊತೆಗಾರರು 2021ರಲ್ಲಿ ಇವುಗಳನ್ನು ಪಟ್ಟಿ ಮಾಡಿ ‘ಚಿತ್ರಹಿಂಸೆಗೊಳಗಾದ ನುಡಿಗಟ್ಟು’ ಎಂದು ಕರೆದರು. ನಮ್ಮಲ್ಲಿ ತರಗತಿಯ ಪಾಠ ಕನ್ನಡದಲ್ಲಿ, ಪೇಪರ್ ಇಂಗ್ಲಿಷಿನಲ್ಲಿ. ಬಡ ಇಂಗ್ಲಿಷಿಗೂ ತೊಳೆದ ಇಂಗ್ಲಿಷಿಗೂ ವ್ಯತ್ಯಾಸವಿದೆ. ಬಡ ಇಂಗ್ಲಿಷಿನಲ್ಲಿ ವ್ಯಾಕರಣ ತಪ್ಪುತ್ತದೆ, ಪಾರಿಭಾಷಿಕ ಪದ ತಪ್ಪುವುದಿಲ್ಲ.

ಕೃತಿಚೌರ್ಯ ಪರೀಕ್ಷೆಯ ಶೇಕಡಾ ಸಂಖ್ಯೆಯನ್ನು ತೀರ್ಪೆಂದು ನಾನು ಒಪ್ಪುವುದಿಲ್ಲ. ಯುಜಿಸಿಯ 2018ರ ನಿಯಮ 10%ವರೆಗಿನ ಹೋಲಿಕೆಗೆ ದಂಡವಿಲ್ಲ ಅನ್ನುತ್ತದೆ, ಸತತ 14 ಪದಗಳವರೆಗಿನ ಕಾಕತಾಳೀಯ ಹೋಲಿಕೆಯನ್ನೂ ಬಿಡುತ್ತದೆ. ಹಾಗೆಂದು ವಿಧಾನದ ಭಾಗದಲ್ಲಿರುವ 18% ಹೋಲಿಕೆ ನಿರುಪದ್ರವಿ ಆಗಿರಬಹುದು, ಫಲಿತಾಂಶದಲ್ಲಿನ 4% ಪೂರಾ ಕಳ್ಳತನವಾಗಿರಬಹುದು. ಕನ್ನಡ ಪೇಪರ್‌ಗಳಲ್ಲಿ ಇನ್ನೊಂದು ಗುಂಡಿ ಇದೆ. ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಕಡತದ ಒಳಗಿರುವುದು ಕನ್ನಡ ಅಕ್ಷರವಲ್ಲ, ಲ್ಯಾಟಿನ್ ಸಂಕೇತಗಳು. ಯುನಿಕೋಡ್ ಮೂಲದಿಂದ ಇಡೀ ಪುಟ ಎತ್ತಿದ್ದರೂ ಸಾಫ್ಟ್‌ವೇರ್ 0% ತೋರಿಸಬಹುದು. ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಕಲಸುಮೇಲೋಗರ ಬಂದರೆ ಯುನಿಕೋಡ್‌ಗೆ ಪರಿವರ್ತಿಸಿ ಮತ್ತೆ ಪರೀಕ್ಷಿಸಬೇಕು.

ವರದಿಗೆ ಎರಡು ಪೆಟ್ಟಿಗೆಗಳಿರುತ್ತವೆ: ಲೇಖಕರಿಗೆ ಒಂದು, ಸಂಪಾದಕರಿಗೆ ಮಾತ್ರ ಕಾಣುವುದು ಇನ್ನೊಂದು. ಲೇಖಕರಿಗೆ ‘ಚೆನ್ನಾಗಿದೆ’ ಎಂದು ಬರೆದು ಸಂಪಾದಕರಿಗೆ ‘ತಿರಸ್ಕರಿಸಿ’ ಅನ್ನುವುದು ಹೇಡಿತನ, ಅದರಿಂದ ಸಂಪಾದಕರೂ ಪೇಚಿಗೆ ಸಿಕ್ಕುತ್ತಾರೆ. ಟೀಕೆಗಳಿಗೆ ಕ್ರಮಸಂಖ್ಯೆ, ಪುಟ, ಸಾಲು ಹಾಕುತ್ತೇನೆ. ಪೇಪರ್ ನಿಲ್ಲದಂಥ ದೋಷಗಳು ಮೊದಲು, ಕಾಗುಣಿತ ಕೊನೆಗೆ. ನನ್ನದೇ ಪೇಪರ್ ಉಲ್ಲೇಖಿಸಿ ಎಂದು ಹೇಳಬೇಕೆನಿಸಿದರೆ ಯಾಕೆಂದು ಸಂಪಾದಕರಿಗೂ ತಿಳಿಸುತ್ತೇನೆ. ಹಾಗೆ ಬರೆಯಲು ಕೂತಾಗ ಆ ಆಸೆ ಸಾಮಾನ್ಯವಾಗಿ ತಾನೇ ಹೋಗುತ್ತದೆ.

ಮೋಸದ ಅನುಮಾನ ಬಂದರೆ ಲೇಖಕರಿಗೆ ನೇರವಾಗಿ ಬರೆಯುವುದಿಲ್ಲ, ಗೆಳೆಯರ ಹತ್ತಿರ ಆಡುವುದೂ ಇಲ್ಲ. ಗೋಪ್ಯ ಪೆಟ್ಟಿಗೆಯಲ್ಲಿ ‘3ನೇ ಟೇಬಲ್‌ನ ಈ ನಾಲ್ಕು ಸರಾಸರಿಗಳು ಈ ಕಾರಣಕ್ಕೆ ಅಸಾಧ್ಯ, ಮೂಲ ದತ್ತಾಂಶ ತರಿಸಿಕೊಳ್ಳಿ’ ಎಂದು ಬರೆಯುತ್ತೇನೆ. ‘ಸುಳ್ಳು’ ಅನ್ನುವ ಪದ ಬಳಸುವುದಿಲ್ಲ. ಪ್ರಕಟಣೆಯ ನೈತಿಕತೆ ನೋಡಿಕೊಳ್ಳುವ ಕೋಪ್ ಸಂಸ್ಥೆಯ ಹಂತಹಂತದ ನಕ್ಷೆಗಳೂ ಇದೇ ಕ್ರಮ ಹೇಳುತ್ತವೆ: ಸಂಪಾದಕರು ಮೊದಲು ಲೇಖಕರಿಂದ ವಿವರಣೆ ಮತ್ತು ದತ್ತಾಂಶ ಕೇಳಬೇಕು, ಉತ್ತರ ತೃಪ್ತಿಕರವಲ್ಲದಿದ್ದರೆ ಅವರ ಸಂಸ್ಥೆಗೆ ಬರೆಯಬೇಕು.

ಸಂಪಾದಕರ ಕುರ್ಚಿಯಲ್ಲಿ ಕೂತಾಗ ಲೇಖಕರೇ ಸೂಚಿಸಿದ ರಿವ್ಯೂವರ್ ಹೆಸರನ್ನು ಬಳಸಬಹುದು, ಅವರು ಕೊಟ್ಟ ಇಮೇಲ್ ಬಳಸಬಾರದು. ವಿಳಾಸವನ್ನು ಸಂಸ್ಥೆಯ ಪುಟದಿಂದ ನಾನೇ ಹುಡುಕುತ್ತೇನೆ. ಟ್ಯೂಮರ್ ಬಯಾಲಜಿ ಜರ್ನಲ್ 2017ರಲ್ಲಿ 107 ಪೇಪರ್‌ಗಳನ್ನು ಒಟ್ಟಿಗೆ ಹಿಂಪಡೆದದ್ದು ನಕಲಿ ರಿವ್ಯೂಗಳ ಕಾರಣಕ್ಕೆ: ನಿಜವಾದ ವಿಜ್ಞಾನಿಗಳ ಹೆಸರು, ಸುಳ್ಳು ಇಮೇಲ್.

ಎರಡು ಮೂರು ತಿಂಗಳಿಗೆ ತಿದ್ದಿದ ಪ್ರತಿ ಬರುತ್ತದೆ, ಜೊತೆಗೆ ‘ಎಲ್ಲ ಸಲಹೆಗಳನ್ನೂ ಅಳವಡಿಸಿದ್ದೇವೆ’ ಎಂಬ ಪತ್ರ. ಪತ್ರವನ್ನು ಪಕ್ಕಕ್ಕಿಟ್ಟು ಹಳೆಯ ಟೇಬಲ್, ಹೊಸ ಟೇಬಲ್ ಎರಡನ್ನೂ ಅಕ್ಕಪಕ್ಕ ತೆರೆಯುತ್ತೇನೆ. 3.47 ಈಗ 3.46 ಆಗಿದ್ದರೆ ಸರಿ. ಸರಾಸರಿ ಬದಲಾಗಿ, ಅದರಿಂದಲೇ ಹುಟ್ಟುವ ಟಿ ಬೆಲೆ ಮೂರನೇ ದಶಾಂಶದವರೆಗೂ ಹಳೆಯದೇ ಇದ್ದರೆ, ಆಗ ಮೂಲ ಕಡತವನ್ನೇ ಕಳಿಸಿ ಎಂದು ಸಂಪಾದಕರ ಮೂಲಕ ಕೇಳುತ್ತೇನೆ.