ಗಂಟೆ ಲೆಕ್ಕ ಬಿಟ್ಟೆವು, ಮಕ್ಕಳು ಬಂದರು: ಸಿಎಸ್ಎಫ್ ನಡೆಸಿದ ನನ್ನ ಅನುಭವ

ಸಿಎಸ್ಎಫ್ ಅಂದರೆ ಚೆನ್ನಾಗಿ ಓದುವ ಮಕ್ಕಳ ಸಂಘ. ನಮ್ಮ ಶಾಲೆಯಲ್ಲಿ ಅವರು ಚಿಕ್ಕ ಕ್ಲಾಸಿನವರಿಗೆ ಲೆಕ್ಕ ಹೇಳಿಕೊಡುತ್ತಾರೆ. 'ಸೇವೆ ಮಾಡಿದ ಗಂಟೆ ಬರೆಯುವ ಸರ್ವಿಸ್ ಅವರ್ಸ್ ಶೀಟು ತೆಗೆದುಹಾಕಿದರೆ ಒಂದು ನರಪಿಳ್ಳೆಯೂ ಬರಲ್ಲ' ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದ್ದರು. ಕೌನ್ಸೆಲರ್ ಹೇಳಿದರು, ನನಗಿಂತ ಮುಂಚೆ ಅಡ್ವೈಸರ್ ಆಗಿ ಈ ಸಂಘ ನೋಡಿಕೊಳ್ಳುತ್ತಿದ್ದ ಟೀಚರ್ ಹೇಳಿದರು, ಮನೆಯಲ್ಲಿ ಹೆಂಡತಿಯೂ ಹೇಳಿದಳು. ಈಗ ಮಂಗಳವಾರ, ಗುರುವಾರ ಶಾಲೆ ಬಿಟ್ಟ ಮೇಲೆ ನನ್ನ ರೂಮಿನಲ್ಲಿ ಕುರ್ಚಿ ಸಾಲದೆ ಪಕ್ಕದ ರೂಮಿನ ಬೀಗ ತೆಗೆಸಬೇಕಾಗಿದೆ. ಹೆಂಗೆ ಮಾಡಿದ್ರಿ ಅಂತ ಇಲ್ಲೇ ಟೀಚರ್ ಆಗಿರುವ ಕನ್ನಡದವರು ಕೆಲವರು ಕೇಳಿದ್ದರು. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಒಂದು ಸರಕಾರಿ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಕ್ಯಾಲಿಫೋರ್ನಿಯಾ ಸ್ಕಾಲರ್‌ಶಿಪ್ ಫೆಡರೇಷನ್, ಅಂದರೆ ಸಿಎಸ್ಎಫ್, ಅದರ ನಮ್ಮ ಶಾಲೆಯ ಚಾಪ್ಟರ್, ಅಂದರೆ ಶಾಖೆ, ನನ್ನ ತಲೆಗೆ ಬಂದು ಎಂಟೊಂಬತ್ತು ವರ್ಷ ಆಗಿರಬೇಕು. ಅಡ್ವೈಸರ್‌ಗಳಿಗೆ ಇದೆಲ್ಲ ಗೊತ್ತಿರುವುದೇ. ಅಪ್ಪ ಅಮ್ಮಂದಿರಿಗಾಗಿ ಎರಡು ಮಾತು. ಇದನ್ನು 1921ರಲ್ಲಿ ಚಾರ್ಲ್ಸ್ ಎಫ್. ಸೀಮೋರ್ ಶುರು ಮಾಡಿದರು, ಈ ಒಂದು ರಾಜ್ಯದ ಮಕ್ಕಳಿಗೆ. ಅದೇ ವರ್ಷ ದೇಶಕ್ಕೆಲ್ಲ ಅಂತ ನ್ಯಾಷನಲ್ ಆನರ್ ಸೊಸೈಟಿ ಹುಟ್ಟಿತು. ಎರಡೂ ಒಂದೇ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಅಲ್ಲಿ ಅಂಕದ ಜೊತೆಗೆ ಸೇವೆ, ನಾಯಕತ್ವ, ನಡತೆ ಎಲ್ಲ ನೋಡಿ ಟೀಚರ್‌ಗಳ ಸಮಿತಿ ಆರಿಸುತ್ತದೆ. ನಮ್ಮಲ್ಲಿ ಆರಿಸುವವರೇ ಇಲ್ಲ. ಬರೀ ಕೂಡುವ ಲೆಕ್ಕ. ಎ ಬಂದರೆ 3, ಬಿ ಬಂದರೆ 1, ಸಿ ಬಂದರೆ ಸೊನ್ನೆ. ಹೆಚ್ಚೆಂದರೆ ಐದು ವಿಷಯ ಸೇರಿ 10 ಆಗಬೇಕು. ಮೂರು ಎ, ಒಂದು ಬಿ ಸಾಕು. ಎಪಿ, ಆನರ್ಸ್ ಅನ್ನುವ ಕಠಿಣ ಮಟ್ಟದ ಕ್ಲಾಸುಗಳಿಗೆ ಒಂದೊಂದು ಜಾಸ್ತಿ, ಅದೂ ಎರಡು ವಿಷಯಕ್ಕೆ ಮಾತ್ರ. ಪಿಇ, ಅಂದರೆ ವ್ಯಾಯಾಮದ ಕ್ಲಾಸು, ಅದರಲ್ಲಿ ಬಂದ ಎ ಲೆಕ್ಕಕ್ಕಿಲ್ಲ, ಆದರೆ ಪಿಇಯಲ್ಲಿ ಡಿ ಬಂದರೆ ಆ ಸೆಮಿಸ್ಟರಿಗೆ ಔಟ್! ಯಾವ ಮೇಷ್ಟ್ರಿಗೆ ಯಾರು ಬೇಕಾದವರು, ಯಾರು ಬೇಡದವರು ಅನ್ನುವ ಮಾತೇ ಇಲ್ಲ. ನನಗೆ ಇದರಲ್ಲಿ ಇಷ್ಟವಾಗಿದ್ದೇ ಅದು.

ಕಷ್ಟ ಏನೆಂದರೆ, ಅಂಕದಿಂದ ಒಳಗೆ ಬಂದವರು ಆಮೇಲೆ ಏನು ಮಾಡಬೇಕು? 'ಸೇವೆಗಾಗಿ ವಿದ್ಯೆ' ಅನ್ನುವುದು ಸಂಸ್ಥೆಯ ಧ್ಯೇಯವಾಕ್ಯ. ಸೇವೆ ಹೇಗೆ ಅನ್ನುವುದನ್ನು ಆಯಾ ಶಾಲೆಯವರೇ ಕಟ್ಟಿಕೊಳ್ಳಬೇಕು. ನನ್ನ ಕೈಗೆ ಬಂದಾಗ ಕಾಗದದ ಮೇಲೆ ಇನ್ನೂರರ ಹತ್ತಿರ ಸದಸ್ಯರಿದ್ದರು. ಮೀಟಿಂಗಿಗೆ ಬರುತ್ತಿದ್ದವರು ಇಪ್ಪತ್ತೋ ಇಪ್ಪತ್ತೈದೋ. ಸೆಮಿಸ್ಟರಿಗೆ ಹತ್ತು ಗಂಟೆ ಸೇವೆ ಅಂತ ಒಂದು ಶೀಟು ಇತ್ತು. ಕೊನೆಯ ವಾರ ಆ ಶೀಟುಗಳನ್ನು ಓದುವುದೇ ಒಂದು ಮನರಂಜನೆ. 'ಅಜ್ಜಿಗೆ ವಾಟ್ಸಾಪ್ ಕಲಿಸಿದೆ, 6 ಗಂಟೆ.' ಸಹಿ ಅಜ್ಜಿಯದೇ. ಆ ಅಜ್ಜಿ ಇರುವುದು ಹೈದರಾಬಾದಿನಲ್ಲಿ.

ಟ್ಯೂಟರಿಂಗ್ ಅಂತ ಲೈಬ್ರರಿಯಲ್ಲಿ ಒಂದು ಮೇಜು ಇತ್ತು. ಮೇಜಿನ ಈ ಕಡೆ ನಮ್ಮ ಸದಸ್ಯರೇ ಆದ ಎಂಟು ಜನ ಟ್ಯೂಟರ್‌ಗಳು ಫೋನ್ ನೋಡುತ್ತಾ ಕೂತಿರುವುದು, ಆ ಕಡೆ ಯಾರೂ ಇಲ್ಲ. ಗಂಟೆ ಮಾತ್ರ ಸೇರುತ್ತಿತ್ತು.

ಮೊದಲ ವರ್ಷ ಪಿಜ್ಜಾ ತರಿಸಿದೆವು. ಒಂದು ಸಲಕ್ಕೆ ಎಂಬತ್ತು ತೊಂಬತ್ತು ಡಾಲರ್. ಒಂಬತ್ತನೇ ಕ್ಲಾಸಿನವರು ಬಂದರು, ತಿಂದರು, ಹೋದರು. ಮುಂದಿನ ವರ್ಷ ಫೇಲಾಗುವ ಹಂತದಲ್ಲಿರುವವರ ಪಟ್ಟಿ ಟೀಚರ್‌ಗಳಿಂದ ತಗೊಂಡು ಅವರನ್ನು ಕಡ್ಡಾಯವಾಗಿ ಕರೆಸಿದೆವು. ಬಂದ ಮಕ್ಕಳ ಮುಖ ನೋಡಬೇಕಿತ್ತು. ಆ ರೂಮಿಗೆ ಹೋಗುವುದೆಂದರೆ ದಡ್ಡ ಅಂತ ಹಣೆಗೆ ಚೀಟಿ ಹಚ್ಚಿಕೊಂಡು ಹೋದ ಹಾಗೆ. ಎರಡು ವಾರ ಬಂದರು, ಆಮೇಲೆ ಬರುವುದು ನಿಲ್ಲಿಸಿದರು. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದ ಮೇಲೆ ಝೂಮ್‌ನಲ್ಲೂ ನೋಡಿದೆವು. ಕಪ್ಪು ಚೌಕಗಳಿಗೆ ಲೆಕ್ಕ ಹೇಳಿಕೊಡುವ ಕಥೆ ನಿಮಗೂ ಗೊತ್ತು, ಬಿಡಿ.

ಶಾಲೆ ಮತ್ತೆ ತೆರೆದ ಮೇಲೆ ಶೀಟು ಹರಿದು ಹಾಕಿದೆ. ಗಂಟೆ ಇಲ್ಲ, ಸಹಿ ಇಲ್ಲ. ಬದಲಿಗೆ ಜೋಡಿ. ಒಬ್ಬ ಟ್ಯೂಟರ್, ಒಬ್ಬ ಒಂಬತ್ತನೇ ಕ್ಲಾಸಿನ ಮಗು, ಪೂರ್ತಿ ಸೆಮಿಸ್ಟರ್ ಅವರಿಬ್ಬರೇ. ಆಲ್ಜೀಬ್ರಾ ಒನ್ ಮಾತ್ರ, ಬೇರೆ ಯಾವ ವಿಷಯವೂ ಇಲ್ಲ. ಫೇಲಾದವರ ಪಟ್ಟಿಯೂ ಬೇಡ. ಇಡೀ ಕ್ಲಾಸಿನ ಹೆಸರು ಹಾಕಿ, ಬೇಡವಾದವರು ಬೇಡ ಅನ್ನಿ ಅಂದೆವು. ಚೆನ್ನಾಗಿ ಓದುವವನ ಹೆಸರೂ ಅದರಲ್ಲಿದ್ದರೆ ಯಾರಿಗೂ ನಾಚಿಕೆ ಇಲ್ಲ, ಅಲ್ವಾ? ಅರ್ಧಕ್ಕಿಂತ ಜಾಸ್ತಿ ಜನ ಬೇಡ ಅಂದರು. ಪರವಾಗಿಲ್ಲ, ಬೇಕಾದವರು ಉಳಿದರು. ಮೊದಲ ಪ್ರೋಗ್ರೆಸ್ ರಿಪೋರ್ಟ್ ಬರುವುದಕ್ಕೆ ಮುಂಚೆಯೇ ಜೋಡಿ ಕೂರಿಸಬೇಕು. ಡಿ ಬಿದ್ದ ಮೇಲೆ ಶುರು ಮಾಡಿದರೆ ಮಗು ಆಗಲೇ ಕೈಚೆಲ್ಲಿರುತ್ತದೆ.

ಟ್ಯೂಟರ್ ಆಗುವವರಿಗೆ ಒಂದು ಸಣ್ಣ ಟೆಸ್ಟ್. ಹೈಸ್ಕೂಲಿನ ಮೇಲಿನ ಮಟ್ಟದ ಗಣಿತವಾದ ಕ್ಯಾಲ್ಕುಲಸ್ ಬಿ.ಸಿ. ಓದುತ್ತಿರುವ ಹುಡುಗಿಗೆ, 'ಭಿನ್ನರಾಶಿ ಭಾಗಿಸುವಾಗ ಯಾಕೆ ತಲೆಕೆಳಗು ಮಾಡುತ್ತೀವಿ, ಹೇಳು' ಅಂದರೆ ಬಾಯಿ ಬರಲ್ಲ. ಹಾಗೇ ಮಾಡಬೇಕು ಅಂತ ಹೇಳಿಕೊಟ್ಟರು ಅನ್ನುತ್ತಾಳೆ. ಅಂಥವರನ್ನು ವಾಪಸ್ ಕಳಿಸುವುದಿಲ್ಲ, ಎರಡು ವಾರ ನಾನೇ ಕೂರಿಸಿಕೊಳ್ಳುತ್ತೇನೆ. ನಿಯಮ ಒಂದೇ: ಉತ್ತರ ಹೇಳಬಾರದು, ಸಂಖ್ಯೆ ಹಾಕಿಸಬೇಕು. ಮಗು −3(x−4) ಬಿಡಿಸಿ −3x−12 ಅಂತ ಬರೆಯುತ್ತದೆ. ವರ್ಷಕ್ಕೆ ನೂರು ಸಲ ನೋಡುವ ತಪ್ಪು. ಟ್ಯೂಟರ್ ತಪ್ಪು ಅನ್ನಲ್ಲ. 'x ಜಾಗದಲ್ಲಿ 4 ಹಾಕು' ಅನ್ನುತ್ತಾನೆ. ಮೊದಲಿನದರಲ್ಲಿ ಸೊನ್ನೆ ಬರುತ್ತೆ. ಎರಡನೆಯದರಲ್ಲಿ −24. ಮಗು ಬೋರ್ಡ್ ನೋಡುತ್ತೆ, ಟ್ಯೂಟರ್ ಮುಖ ನೋಡುತ್ತೆ, ಮತ್ತೆ ಬೋರ್ಡ್ ನೋಡುತ್ತೆ, ಒರೆಸಲು ಇಟ್ಟುಕೊಂಡ ಹಳೆ ಕಾಲುಚೀಲದಿಂದ ಆ ಮೈನಸ್ ಒರೆಸಿ ಪ್ಲಸ್ ಮಾಡುತ್ತೆ. ಯಾರೂ ಏನೂ ಹೇಳಿಲ್ಲ.

ಪ್ರತಿ ಶುಕ್ರವಾರ ಟ್ಯೂಟರ್ ಆ ಮಗುವಿನ ಲೆಕ್ಕದ ಟೀಚರ್‌ಗೆ ಒಂದೇ ಸಾಲು ಬರೆದು ಕೊಡಬೇಕು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ. ಈ ಒಂದು ಸಾಲಿನ ಬೆಲೆ ಟೀಚರ್‌ಗಳಿಗೆ ಅರ್ಥವಾದ ಮೇಲೆ ನನಗೆ ಪಕ್ಕದ ರೂಮು ಸಿಕ್ಕಿತು. ಯಾರಿಗೆ ಯಾರನ್ನು ಜೋಡಿ ಮಾಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಅಂಕ ನೋಡಿ ಮಾಡಲ್ಲ, ಅಷ್ಟು ಹೇಳುತ್ತೇನೆ. ಪಕ್ಕದ ಹೈಸ್ಕೂಲಿನವರು ಎರಡು ಸಲ ಕಾಫಿ ಕುಡಿಸಿದರೂ ಬಾಯಿ ಬಿಟ್ಟಿಲ್ಲ.

ಮೊದಲ ಸೆಮಿಸ್ಟರಿನಲ್ಲಿ ಹನ್ನೆರಡೋ ಹದಿಮೂರೋ ಜೋಡಿ. ಅಕ್ಟೋಬರಿಗೆ ಅರ್ಧ ಮುರಿದುಬಿದ್ದವು. ಕೌನ್ಸೆಲರ್ 'ನಾನು ಹೇಳಿರಲಿಲ್ವಾ' ಅನ್ನುವ ನಗೆ ನಕ್ಕರು. ಉಳಿದ ಆರು ಜೋಡಿ ಡಿಸೆಂಬರಿನವರೆಗೆ ಬಿಡಲಿಲ್ಲ, ಮುಂದಿನ ವರ್ಷ ಆ ಆರು ಮಕ್ಕಳೇ ತಮ್ಮ ಗೆಳೆಯರನ್ನು ಎಳೆದು ತಂದರು. ಈಗ ಅರವತ್ತರ ಹತ್ತಿರ ಇವೆ. ಆಲ್ಜೀಬ್ರಾ ಒನ್‌ನಲ್ಲಿ ಡಿ, ಎಫ್ ಮೊದಲು ನಾಲ್ಕು ಜನಕ್ಕೆ ಒಬ್ಬರಿಗೆ ಬೀಳುತ್ತಿತ್ತು. ಈಗ ಎಂಟೊಂಬತ್ತು ಜನಕ್ಕೆ ಒಬ್ಬರಿರಬಹುದು. ಪೂರ್ತಿ ನಮ್ಮಿಂದಲೇ ಅನ್ನಲ್ಲ, ನಡುವೆ ಇಬ್ಬರು ಒಳ್ಳೆ ಟೀಚರ್ ಕೂಡ ಬಂದರು. ಆದರೆ ಸುಮ್ನೆ ವಿನಯ ಯಾಕೆ, ಮುಕ್ಕಾಲು ಪಾಲು ನಮ್ಮದೇ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಮೊದಲು ಸದಸ್ಯರಿಂದ ಹತ್ತು ಡಾಲರ್ ತಗೊಳ್ಳುತ್ತಿದ್ದರು. ಶಾಲೆಗಳು ಮಕ್ಕಳ ಮೇಲೆ ಫೀಸು ಹಾಕುವುದರ ಬಗ್ಗೆ 2013ರಿಂದ ಕ್ಯಾಲಿಫೋರ್ನಿಯಾದ ಕಾನೂನು ಬಿಗಿಯಾಗಿದೆ. ಹಾಗಾಗಿ ಅದನ್ನು 'ಇಷ್ಟವಿದ್ದರೆ ಕೊಡಿ' ಅಂತ ಮಾಡಿದೆವು. ಅರ್ಧ ಜನ ಕೊಡುತ್ತಾರೆ. ಸ್ನ್ಯಾಕ್ ಮಾರೋಣ ಅಂದರೆ 2014ರಿಂದ ಶಾಲೆಯಲ್ಲಿ ಮಾರುವ ತಿಂಡಿಗೆ ಸ್ಮಾರ್ಟ್ ಸ್ನ್ಯಾಕ್ಸ್ ಅನ್ನುವ ನಿಯಮ, ಶಾಲೆಯ ಹೊತ್ತಿನಲ್ಲಿ ಡೋನಟ್ ಮಾರುವ ಹಾಗಿಲ್ಲ. ಬೆಲ್ ಆಗಿ ಅರ್ಧ ಗಂಟೆ ಕಾಯಬೇಕು, ಅಷ್ಟರಲ್ಲಿ ಗಿರಾಕಿಗಳೆಲ್ಲ ಮನೆಗೆ ಹೋಗಿರುತ್ತಾರೆ. ಒಂದು ಬೋಬಾ ಚಹಾ ಅಂಗಡಿಯಲ್ಲಿ ಫಂಡ್‌ರೈಸರ್ ರಾತ್ರಿ ಇಟ್ಟೆವು. ಮಾರಾಟದಲ್ಲಿ ಶೇಕಡ 20 ನಮಗೆ. ಅಷ್ಟು ಗಲಾಟೆ ಮಾಡಿ ಬಂದದ್ದು ತೊಂಬತ್ತು ಡಾಲರ್. ಎಎಸ್‌ಬಿ, ಅಂದರೆ ಶಾಲೆಯ ವಿದ್ಯಾರ್ಥಿ ಸಂಘದ ಖಾತೆಯಿಂದ ಒಂದು ಪೆನ್ ಕೊಳ್ಳಬೇಕಾದರೂ ಮುಂಚೆಯೇ ಪಿಒ (ಖರೀದಿ ಆದೇಶ) ಆಗಿರಬೇಕು, ವಿದ್ಯಾರ್ಥಿ ಸಮಿತಿಯ ಮಿನಿಟ್ಸ್‌ನಲ್ಲಿ ಇರಬೇಕು. ನಿಮಗೂ ಇದೇ ಗೋಳು ಇರುತ್ತದೆ.

ಪಿಜ್ಜಾ ನಿಲ್ಲಿಸಿದ್ದರಿಂದಲೇ ದುಡ್ಡು ಉಳಿದಿದ್ದು. ಈಗಿನ ಖರ್ಚು ಎರಡೇ, ಬೋರ್ಡು ಮತ್ತು ಮಾರ್ಕರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾತ್‌ರೂಮ್ ಗೋಡೆಗೆ ಹಾಕುವ ಬಿಳಿ ಪ್ಯಾನೆಲ್ ಸಿಗುತ್ತದೆ, ನಾಲ್ಕಡಿಗೆ ಎಂಟಡಿ. ಅಲ್ಲೇ ಕತ್ತರಿಸಿಕೊಡುತ್ತಾರೆ. 12 ಇಂಚಿಗೆ 16 ಇಂಚಿನ ಹಾಗೆ ಮಾಡಿಸಿದರೆ 24 ಬೋರ್ಡು. ನಾನು ತಗೊಂಡಾಗ ಹಾಳೆಗೆ ಇಪ್ಪತ್ತೈದು ಡಾಲರ್ ಒಳಗೇ ಇತ್ತು. ಒರೆಸಲು ಜೋಡಿ ತಪ್ಪಿದ ಕಾಲುಚೀಲ, ಅದನ್ನು ಮಕ್ಕಳೇ ತರುತ್ತಾರೆ. ಮಾರ್ಕರ್ ಮಾತ್ರ ಕುಡಿದ ಹಾಗೆ ಖಾಲಿಯಾಗುತ್ತೆ, ವರ್ಷಕ್ಕೆ ಇನ್ನೂರು ಡಾಲರ್ ಹತ್ತಿರ. ಗ್ರಾಜುಯೇಷನ್‌ಗೆ ಕೊರಳಿಗೆ ಹಾಕುವ ಚಿನ್ನದ ಬಣ್ಣದ ಹುರಿ ಬೇರೆ.

ನಡುವೆ ಒಂದು ಪ್ರಯೋಗ ಮಾಡಿದೆ. ನಮ್ಮೂರ ಕನ್ನಡ ಭಾನುವಾರದ ಕ್ಲಾಸಿನಲ್ಲೂ ಇದೇ ಜೋಡಿ ಪದ್ಧತಿ. ಹೈಸ್ಕೂಲಿನ ದೊಡ್ಡ ಮಕ್ಕಳು, ಒತ್ತಕ್ಷರ ಕಲಿಯುವ ಚಿಕ್ಕವರು. ಅಪ್ಪ ಅಮ್ಮಂದಿರಿಗೆ ಸರ್ಟಿಫಿಕೇಟು ಬೇಕಿತ್ತು. ಊರಲ್ಲಿ ಪ್ರತಿಭಾ ಪುರಸ್ಕಾರ ಅಂತ ಶಾಲು, ಹಾರ, ಮೊಮೆಂಟೊ ಕೊಟ್ಟು ಕಳಿಸುತ್ತಾರಲ್ಲ, ಆ ಅಭ್ಯಾಸ ಇಲ್ಲಿಗೂ ಬಂದಿದೆ. ಕೊಡಲ್ಲ ಅಂದೆ. ಹತ್ತು ಜನರಲ್ಲಿ ನಾಲ್ವರು ಉಳಿದರು. ಆ ನಾಲ್ವರಿಗೆ ಮಾತ್ರ ಒಳ್ಳೆ ಕನ್ನಡ ಬಂತು. ಚಿಕ್ಕವರಿಗೆ 'ಷ್ಟ್ರ' ಬರೆಸುವಾಗ ತಮಗೇ ಬರಲ್ಲ ಅಂತ ಗೊತ್ತಾಗಿ ಮನೆಯಲ್ಲಿ ಕೂತು ಕಲಿತರು.

ಇನ್ನು ಸೀಲ್‌ಬೇರರ್ ವಿಷಯ. ನಾನು ಜಾಸ್ತಿ ಕೊಚ್ಚಿಕೊಳ್ಳುವುದು ಇದನ್ನೇ. ಕೊನೆಯ ಮೂರು ವರ್ಷಗಳ ಆರು ಸೆಮಿಸ್ಟರಿನಲ್ಲಿ ನಾಲ್ಕರಲ್ಲಿ ಸದಸ್ಯರಾಗಿರಬೇಕು, ಒಂದಾದರೂ ಹನ್ನೆರಡನೇ ಕ್ಲಾಸಿನ ಅಂಕದ ಮೇಲೆ ಬಂದಿರಬೇಕು. ಆಗ ಡಿಪ್ಲೊಮಾದ ಮೇಲೆ ಚಿನ್ನದ ಮುದ್ರೆ. ಅಂದರೆ ಒಂಬತ್ತನೇ ಕ್ಲಾಸಿನಲ್ಲಿ ಡಿ ಬಂದವನಿಗೂ ಬಾಗಿಲು ಮುಚ್ಚಿಲ್ಲ. ಇದನ್ನು ಆ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ನಾವು ಜೋಡಿ ಕೂರಿಸಿದ ಮೊದಲ ದಿನವೇ ಬೋರ್ಡಿನ ಮೇಲೆ ಈ ಲೆಕ್ಕ ಬರೆದು ತೋರಿಸುತ್ತೇವೆ. ಆ ಮೊದಲ ಆರು ಮಕ್ಕಳಲ್ಲಿ ಇಬ್ಬರು ಸೀಲ್‌ಬೇರರ್ ಆದರು. ಒಬ್ಬಳು ಕೊನೆಯ ಎರಡು ವರ್ಷ ಟ್ಯೂಟರ್ ಕೂಡ ಆಗಿದ್ದಳು. ಅರ್ಜಿ ಹಾಕುವ ವಾರ ಮರೆತರೆ ಆ ಸೆಮಿಸ್ಟರ್ ಹೋಯಿತು, ಆಮೇಲೆ ಹಿಂದಿನ ದಿನಾಂಕಕ್ಕೆ ಹಾಕುವ ಹಾಗಿಲ್ಲ. ಹಾಗಾಗಿ ಆ ವಾರ ಟ್ಯೂಟರ್‌ಗಳೇ ತಮ್ಮ ಜೋಡಿಯ ಕಿವಿ ಹಿಂಡಿ ಫಾರ್ಮ್ ತುಂಬಿಸುತ್ತಾರೆ.

ಈ ಆಗಸ್ಟಿನಿಂದ ಜಾಮೆಟ್ರಿಗೂ ಇಳಿಸುತ್ತಿದ್ದೇವೆ. ಕೆಮಿಸ್ಟ್ರಿಗೂ ಮಾಡಿಕೊಡಿ ಅಂತ ಕೇಳಿದ್ದಾರೆ, ಅದೂ ಆಗ ನಕ್ಕಿದ್ದ ಕೌನ್ಸೆಲರ್ ಮೂಲಕ. ಸದ್ಯಕ್ಕೆ ಇಲ್ಲ ಅಂದಿದ್ದೇನೆ. ಮೊದಲು ಮೂರನೇ ರೂಮಿನ ಬೀಗದ ಕೈ ಕೊಡಿಸಲಿ.