ಮಾರವಾದಾಗ ಪಂಚಮ ಹೆಂಗ ಬಂತು?

ಮೊದಲ ಸಲ ಸಂಗೀತ ಕಛೇರಿಗೆ ಜಲವರ್ಣದ ಡಬ್ಬಿ ಹಿಡಿದುಕೊಂಡು ಹೋಗಿ ಬೈಸಿಕೊಂಡೆ. ಬೆಳಗಾವಿಯ ಒಂದು ಸಣ್ಣ ಸಭಾಂಗಣ. ವಿಲಂಬಿತ, ಅಂದರೆ ನಿಧಾನ ಲಯದ ಹಾಡು, ಶುರುವಾಗಿತ್ತು. ನಾನು ನೀರಿನ ಬಾಟಲಿ ತೆರೆಯುವುದು, ಕುಂಚ ಅದ್ದುವುದು, ಹಾಳೆ ತಿರುಗಿಸುವುದು ನಡೆಸಿದ್ದೆ. ಪಕ್ಕದ ಹಿರಿಯರು ಬಹಳ ಹೊತ್ತು ತಡೆದುಕೊಂಡರು. ಕೊನೆಗೆ, "ಏನ್ರೀ, ಇಲ್ಲೇ ಅಂಗಡಿ ಹಾಕೀರೇನು?" ಅಂದರು. ಅವರು ಹೇಳಿದ್ದು ಸರಿ ಇತ್ತು. ಬಣ್ಣ ಹಚ್ಚುವ ಗಡಿಬಿಡಿಯಲ್ಲಿ ನಾನೂ ಹಾಡು ಕೇಳಿರಲಿಲ್ಲ.

ನನಗೆ ಸ್ವರ ಕೇಳಿದರೆ ಬಣ್ಣ ಕಾಣುತ್ತದೆ. ಇದಕ್ಕೆ ಸಿನೆಸ್ತೇಸಿಯಾ ಅನ್ನುತ್ತಾರೆ. ಕಾಯಿಲೆ ಅಲ್ಲ. ಬೇಕು ಅಂತ ತಂದುಕೊಳ್ಳಲು ಬರುವುದಿಲ್ಲ, ಬೇಡ ಅಂದರೆ ಹೋಗುವುದೂ ಇಲ್ಲ. ಚಿಕ್ಕಂದಿನಿಂದ ನನಗೆ ಷಡ್ಜ (ಸ) ವಿಭೂತಿಯ ಬಿಳಿ, ಪಂಚಮ (ಪ) ಕಡು ನೀಲಿ. ಇದೇ ಗುಣ ಇರುವ ಇನ್ನೊಬ್ಬರಿಗೆ ಬೇರೆಯೇ ಬಣ್ಣ ಕಾಣಬಹುದು. 13ನೇ ಶತಮಾನದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ಷಡ್ಜಕ್ಕೆ ಕಮಲದ ಬಣ್ಣ, ಪಂಚಮಕ್ಕೆ ಕಪ್ಪು ಅಂತ ಬರೆದಿದ್ದಾನೆ. ಓದಿದಾಗ ಅವನ ಜೊತೆ ಜಗಳ ಆಡಬೇಕು ಅನ್ನಿಸಿತ್ತು!

ಮೊಬೈಲಿನಲ್ಲಿ ಕೇಳಿದರೂ ಬಣ್ಣ ಬರುತ್ತದೆ, ಆದರೆ ತೊಳೆದು ತೊಳೆದು ಮಾಸಿದ ಬಟ್ಟೆಯ ಹಾಗೆ. ಎದುರಿಗೆ ಕುಳಿತು ಕೇಳುವಾಗ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಡುವುದು ಹಾಡು ಶುರುವಾಗುವ ಮುಂಚಿನ ಹತ್ತು ನಿಮಿಷ. ತಂಬೂರಿ ಶ್ರುತಿ ಮಾಡುತ್ತಾರಲ್ಲ, ಆಗ. ತಂತಿಯ ಕೆಳಗೆ, ಕುದುರೆಯ (ತಂತಿಗಳನ್ನು ಹೊತ್ತ ಸೇತುವೆಯ) ಮೇಲೆ ಒಂದು ಎಳೆ ದಾರ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದರೆ ಜವಾರಿ, ಅಂದರೆ ತಂಬೂರಿಯ ಆ ಝೇಂಕಾರ, ಬಿಚ್ಚಿಕೊಳ್ಳುತ್ತದೆ. ಒಂದೇ ತಂತಿಯೊಳಗಿಂದ ಮೇಲಿನ ಸ್ವರಗಳೂ ಝೇಂಕರಿಸುತ್ತವೆ. ನನ್ನ ಬಿಳಿಯ ಅಂಚಿಗೆ ಆಗ ತೆಳು ಬಂಗಾರ ಏರುತ್ತದೆ. ಇದು ಸ್ಪೀಕರಿನಲ್ಲಿ ಇವತ್ತಿನವರೆಗೂ ನನಗೆ ಸಿಕ್ಕಿಲ್ಲ.

"ಹಂಗಾದ್ರ ಯಮನ್ ರಾಗ ಯಾವ ಬಣ್ಣ?" ಅಂತ ಕೇಳುತ್ತಾರೆ. ರಾಗಕ್ಕೆ ಒಂದು ಬಣ್ಣ ಇಲ್ಲ. ಮಾರವಾ, ಪೂರಿಯಾ ಎರಡನ್ನೂ ನೋಡಿ. ಸ್ವರಗಳು ಅವೇ: ಕೋಮಲ (ತಗ್ಗಿಸಿದ) ರಿಷಭ, ತೀವ್ರ (ಏರಿಸಿದ) ಮಧ್ಯಮ, ಉಳಿದವು ಶುದ್ಧ, ಪಂಚಮ ಇಲ್ಲ. ಆದರೆ ಮಾರವಾ ರಿಷಭ–ಧೈವತದ ಮೇಲೆ ನಿಲ್ಲುತ್ತದೆ, ಪೂರಿಯಾ ಗಂಧಾರ–ನಿಷಾದದ ಮೇಲೆ. ನನಗೆ ಮೊದಲನೆಯದು ದಾಳಿಂಬೆ ಸಿಪ್ಪೆ ಮತ್ತು ಬೆಲ್ಲದ ಪಾಕ. ಎರಡನೆಯದು ಹಸಿ ಕಡಲೆ ಮತ್ತು ತಾಮ್ರ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಸೀರೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದ ಹಾಗೆ. ನೂಲು ಅದೇ, ಮೇಲೆ ಕಾಣುವುದು ಬೇರೆ.

ಈಗ ಸಭಾಂಗಣಕ್ಕೆ ಪೆನ್ಸಿಲ್, ಅಂಗೈಯಗಲದ ನೋಟ್‌ಬುಕ್ ಮಾತ್ರ. ಕಣ್ಣು ಮುಚ್ಚಿಕೊಂಡು ಕೇಳುತ್ತೇನೆ. ವೇದಿಕೆಯ ನೇರಳೆ ದೀಪಗಳ ಕಾಟ ತಪ್ಪುತ್ತದೆ. ಬಣ್ಣ ಬರೆದಿಡುವುದಿಲ್ಲ, ಅದು ಮರೆಯುವುದಿಲ್ಲ. ಮರೆಯುವುದು ಜಾಗ: ಯಾವ ಸ್ವರ ಎಷ್ಟು ಹೊತ್ತು ನಿಂತಿತು, ಎಲ್ಲಿ ಮೀಂಡ್ ಬಂತು, ಅಂದರೆ ಒಂದು ಸ್ವರ ಇನ್ನೊಂದಕ್ಕೆ ಜಾರಿತು. ಅದಕ್ಕೆ ಗೆರೆ ಎಳೆಯುತ್ತೇನೆ. ಮರುದಿನ ಬೆಳಗ್ಗೆ, ಯಾರ ಹತ್ತಿರವೂ ಮಾತಾಡುವ ಮೊದಲು, 300 ಜಿಎಸ್‌ಎಂನ ದಪ್ಪ ಹಾಳೆಯನ್ನು ಪೂರ್ತಿ ಒದ್ದೆ ಮಾಡುತ್ತೇನೆ. ಆಲಾಪ, ಮೀಂಡ್ ಎಲ್ಲ ಒದ್ದೆಯಲ್ಲೇ ಆಗಬೇಕು, ಬಣ್ಣ ಬಣ್ಣದೊಳಗೆ ತಾನೇ ಹರಿಯಬೇಕು. ತಾನುಗಳು, ಅಂದರೆ ವೇಗದ ಸ್ವರಗಳ ಸರಮಾಲೆ, ಹಾಳೆ ಒಣಗಿದ ಮೇಲೆ, ಒಣ ಕುಂಚದಲ್ಲಿ. ತಬಲಾದ್ದು ನನಗೆ ಬಣ್ಣವಲ್ಲ, ಬರೀ ಒರಟು–ನುಣುಪು. ಹಾಗಾಗಿ ಅಲ್ಲಿ ಒದ್ದೆ ಬಣ್ಣ ಒರಟಾಗಲಿ ಅಂತ ಉಪ್ಪು ಉದುರಿಸುತ್ತೇನೆ. ಷಡ್ಜಕ್ಕೆ ಏನೂ ಹಚ್ಚುವುದಿಲ್ಲ, ಖಾಲಿ ಹಾಳೆಯೇ ಷಡ್ಜ. ಇದು ಹೊಳೆಯಲು ಎರಡು ವರ್ಷ ಬೇಕಾಯಿತು. ಅಲ್ಲಿಯವರೆಗೆ ಸುಮ್ನೆ ಬಿಳಿ ಟ್ಯೂಬು ಖಾಲಿ ಮಾಡಿದೆ.

ಹೋದ ಚಳಿಗಾಲದಲ್ಲಿ ಮಾರವಾ ಕೇಳಿ ಬಂದು ಬರೆದ ಚಿತ್ರವೊಂದು ಮನೆಯ ಗೋಡೆಗೆ ತೂಗುಹಾಕಿತ್ತು. ನನ್ನ ಬಣ್ಣಗಳ ಲೆಕ್ಕ ಗೊತ್ತಿರುವ ತಬಲಾ ಗೆಳೆಯ ಚಹಾಕ್ಕೆ ಬಂದ. ಸ್ವಲ್ಪ ಹೊತ್ತು ನೋಡಿ, ಬಲಗಡೆಯ ಮೂಲೆ ತೋರಿಸಿ ಕೇಳಿದ: "ಮಾರವಾದಾಗ ಪಂಚಮ ಹೆಂಗ ಬಂತೋ?"

ಅಲ್ಲಿ ಒಂದು ಚೂರು ನೀಲಿ ಇತ್ತು. ನಾನು ಕೇಳಿದ್ದಲ್ಲ. ಮೂಲೆ ಬೋಳು ಬೋಳಾಗಿ ಕಾಣುತ್ತದೆ ಅಂತ ಹಚ್ಚಿದ್ದೆ. ಅವನು ಹೋದ ಮೇಲೆ ಚಿತ್ರ ಇಳಿಸಿ, ಒದ್ದೆ ಕುಂಚದಿಂದ ಉಜ್ಜಿ, ಬಟ್ಟೆಯಿಂದ ಒತ್ತಿ ತೆಗೆದೆ. ಪ್ರಷ್ಯನ್ ನೀಲಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕಲೆ ಇನ್ನೂ ಇದೆ.