ಮೊದಲು ಒಡೆದ ಮರಿಗೆ ಅವಸರ ಬೇಡ

ಕೋಳಿಮೊಟ್ಟೆಗೆ ಇಪ್ಪತ್ತೊಂದು ದಿನದ ಲೆಕ್ಕ ಹಾಕಿ ಕೂತಿರುವಾಗ 19ನೇ ದಿನಕ್ಕೇ ಕಾವುಪೆಟ್ಟಿಗೆಯಲ್ಲಿ ಚಿಂವ್‌ಚಿಂವ್ ಶುರುವಾದರೆ ಮುಚ್ಚಳ ತೆಗೆಯಲು ಕೈ ತುರಿಸುತ್ತದೆ. ತೆಗೆಯಬೇಡಿ. ಮೊಟ್ಟೆಯ ಹಳದಿಯನ್ನು ಮರಿ ಹೊಟ್ಟೆಯೊಳಗೆ ಎಳೆದುಕೊಂಡೇ ಹೊರಬರುತ್ತದೆ. ಒಂದೆರಡು ದಿನ ನೀರು, ಕಾಳು ಇಲ್ಲದೆಯೂ ತಡೆಯುತ್ತದೆ. ತಡೆಯದ್ದು ಪಕ್ಕದಲ್ಲಿ ಚಿಕ್ಕ ತೂತು ಮಾಡಿ ನಿಂತಿರುವ ಮೊಟ್ಟೆ. ಮುಚ್ಚಳ ತೆರೆದರೆ ತೇವದ ಗಾಳಿ ಹಾರಿಹೋಗಿ, ಸಿಪ್ಪೆಯೊಳಗಿನ ಪೊರೆ ಹಪ್ಪಳದಂತೆ ಒಣಗಿ ಮರಿಯ ಮೈಗೆ ಅಂಟುತ್ತದೆ. ಆಮೇಲೆ ಅದಕ್ಕೆ ತಿರುಗಲಾಗದು, ಅಲ್ಲೇ ಸಾಯುತ್ತದೆ.

ಬೇಗ ಬಂದ ಮರಿಯ ಹೊಕ್ಕುಳು ಪೂರ್ತಿ ಮುಚ್ಚಿರದೆ ಇರುವುದೂ ಉಂಟು. ಅದು ಒಣಗಿ, ತುಪ್ಪಳ ಹತ್ತಿಯಂತೆ ಅರಳುವ ತನಕ ಒಳಗೇ ಇರಲಿ. ಐದಾರು ಮರಿ ಒಣಗಿದ ಮೇಲೆ, ಕಿಟಕಿ ಮುಚ್ಚಿ, ಒಂದೇ ಸಲಕ್ಕೆ ಅರ್ಧ ನಿಮಿಷದಲ್ಲಿ ಎತ್ತಿಬಿಡಿ. ಹೊಕ್ಕುಳು ಇನ್ನೂ ಹಸಿಯಿದ್ದರೆ ಪೊವಿಡೋನ್ ಅಯೋಡಿನ್ ಒಂದು ತೊಟ್ಟು ಮುಟ್ಟಿಸಿ.

ಮರಿ ಬೇಗ ಬಂತೆಂದರೆ ಹೆಚ್ಚಾಗಿ ಪೆಟ್ಟಿಗೆ ಬಿಸಿಯಾಗಿತ್ತು ಎಂದೇ ಅರ್ಥ. ಫ್ಯಾನ್ ಇರುವುದಕ್ಕೆ 37.5 ಡಿಗ್ರಿ ಸಾಕು. ಫ್ಯಾನ್ ಇಲ್ಲದ ಥರ್ಮೋಕೋಲ್ ಪೆಟ್ಟಿಗೆಗೆ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ 38.5 ರಿಂದ 39. ಅರ್ಧ ಡಿಗ್ರಿ ಹೆಚ್ಚಾಗಿ ಹಾಗೇ ಉಳಿದರೂ ಮರಿ ದಿನ ಮುಂಚೆ ಬರುತ್ತದೆ. ಅಗ್ಗದ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಮನೆಯ ಜ್ವರದ ಥರ್ಮಾಮೀಟರನ್ನು ಪಕ್ಕದಲ್ಲಿಟ್ಟು ನೋಡಿ, 37.5 ಅಂದರೆ ಅದರಲ್ಲಿ 99.5 ಫ್ಯಾರನ್‌ಹೀಟ್. ಪುಟ್ಟ ನಾಟಿ ಮೊಟ್ಟೆಯನ್ನು ದೊಡ್ಡ ಗಿರಿರಾಜ ತಳಿಯ ಮೊಟ್ಟೆಯ ಜೊತೆ ಇಟ್ಟರೂ ನಾಟಿಯದು ಸ್ವಲ್ಪ ಮುಂಚೆ ಒಡೆಯಬಹುದು, ಅದು ತಪ್ಪಲ್ಲ. ಕರೆಂಟ್ ಹೋಗಿದ್ದಕ್ಕೆ ಬೇಗ ಬಂತು ಎನ್ನುವವರಿದ್ದಾರೆ. ತಣ್ಣಗಾದರೆ ತಡವಾಗುತ್ತದೆಯೇ ಹೊರತು ಬೇಗ ಆಗುವುದಿಲ್ಲ. ಮಳೆಗಾಲದಲ್ಲಿ ಲೈನ್ ಹೋದಾಗ ಗಾಳಿಯ ತೂತು ಬಿಟ್ಟು ಕಂಬಳಿ ಹೊದಿಸಿ, ಅಷ್ಟೇ.

ಇನ್ನೊಂದು, ನಮ್ಮ ಕೊಡಗಿನದೇ ಮೋಸ. ಹೊರಗೆ ಮಂಜು ಕವಿದಿದೆ, ಗೋಡೆ ಬೆವರುತ್ತಿದೆ, ಪೆಟ್ಟಿಗೆಗೆ ನೀರೇಕೆ ಎನ್ನಿಸುತ್ತದೆ. ಆ ತಣ್ಣನೆಯ ಗಾಳಿ ಒಳಗೆ ಹೋಗಿ ಬಿಸಿಯಾದೊಡನೆ ಒಣ ಗಾಳಿಯಾಗುತ್ತದೆ. ಮಡಿಕೇರಿಯ ಡಿಸೆಂಬರ್ ಚಳಿಯಲ್ಲಂತೂ ತೇವ ಕೆಳಗಿಳಿದುಬಿಡುತ್ತದೆ. ತೇವದ ಮೀಟರ್ ನೋಡಿ ನೀರು ಹಾಕಿ: 18ನೇ ದಿನದವರೆಗೆ ತೇವ ಶೇಕಡಾ 50 ಆಸುಪಾಸು, ಆಮೇಲೆ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ ಶೇಕಡಾ 65 ರಿಂದ 70.

ಹೊರತೆಗೆದ ಮರಿಗೆ 35 ಡಿಗ್ರಿ ಬೆಚ್ಚಗಿರಬೇಕು. ಹಳೇ ನಮೂನೆಯ 60 ವ್ಯಾಟ್ ಬಲ್ಬ್ ಕಟ್ಟಿ. ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಕೆಳಗೆ ನ್ಯೂಸ್‌ಪೇಪರ್ ಹಾಸಿದರೆ ಜಾರಿ ಕಾಲು ಅಗಲವಾಗುತ್ತದೆ, ಗೋಣಿತಾಟು ಹಾಸಿ. ಮರಿಗಳು ಬಲ್ಬಿನಡಿ ಗುಂಪುಗಟ್ಟಿದರೆ ಚಳಿ, ಮೂಲೆಗೆ ಸರಿದು ಬಾಯಿ ತೆರೆದರೆ ಸೆಕೆ. ಮೊದಲು ಉಗುರುಬೆಚ್ಚಗಿನ ನೀರು, ಡಬ್ಬಿಯ ಮುಚ್ಚಳದಲ್ಲಿ ನಾಲ್ಕು ಕಲ್ಲು ಹಾಕಿ, ಒಂದೊಂದರ ಕೊಕ್ಕನ್ನೂ ಅದ್ದಿಸಿ. ಎರಡು ಗಂಟೆ ಬಿಟ್ಟು ಮರಿಗಳ ಪುಡಿ ಆಹಾರ, ಅದಿಲ್ಲದ ದಿನ ಸಣ್ಣ ನುಚ್ಚು.